ನಾವುಂದದ ಕಡಲಿನಲ್ಲಿ ಬೆಳಕು ಎಷ್ಟು ಮಾರು ಇಳಿಯುತ್ತದೆ?

ನಾವುಂದದಿಂದ ತೆಂಕಣಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಮರವಂತೆಯನ್ನು ಹಾಯುವಾಗ ಅದರ ಮೂಡು ಬದಿಯಲ್ಲಿ ಸೌಪರ್ಣಿಕಾ ಹೊಳೆಯೂ ಪಡು ಬದಿಯಲ್ಲಿ ಅರಬ್ಬೀ ಸಮುದ್ರವೂ ಇರುತ್ತವೆ. ಈ ನೋಟದ ಚೆಲುವನ್ನು ಹೊಗಳಿದವರು ಬಹಳ. ಒಂದು ರಸ್ತೆ ಮತ್ತು ಒಂದು ಮರಳ ಪಟ್ಟಿಯಷ್ಟೇ ಅಂತರದಲ್ಲಿರುವ ಈ ಎರಡು ನೀರುಗಳೊಳಗೆ ಸೂರ್ಯನ ಬೆಳಕು ಎಷ್ಟು ಆಳದವರೆಗೆ, ಯಾವ ಬಣ್ಣದಲ್ಲಿ ಇಳಿಯುತ್ತದೆ ಎಂದು ಕೇಳುವವರು ಕಡಿಮೆ. ಆದರೆ ಕರಾವಳಿಯ ಅನ್ನದ ಪ್ರಶ್ನೆ ಇದರಲ್ಲಿಯೇ ಅಡಗಿದೆ. ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ಅಂದರೆ ಸಸ್ಯಪ್ಲವಕಗಳು, ಬೆಳಕು ಸಿಕ್ಕಷ್ಟು ಆಳದಲ್ಲಿ ಮಾತ್ರ ಆಹಾರ ತಯಾರಿಸುತ್ತವೆ. ಬೈಗೆ ಅಥವಾ ಬೂತಾಯಿ, ಬಂಗುಡೆಯಂಥ ಮೀನುಗಳು ಆ ಪ್ಲವಕಗಳನ್ನು ನೆಚ್ಚಿಕೊಂಡಿವೆ. ಕರೆಯ ಬಂಡೆಗಳ ಮೇಲಿನ ಪಾಚಿಯಿಂದ ಹಿಡಿದು ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಹವಳದವರೆಗೆ ಎಲ್ಲದರ ನೆಲೆಯನ್ನೂ ಅದೇ ಬೆಳಕು ನಿರ್ಧರಿಸುತ್ತದೆ.

ಸಮುದ್ರದ ಮೇಲೆ ಬಿದ್ದ ಬೆಳಕೆಲ್ಲವೂ ಒಳಗೆ ಹೋಗುವುದಿಲ್ಲ. ಸೂರ್ಯ ನೆತ್ತಿಯ ಮೇಲಿದ್ದಾಗ ಶೇ 2ರಷ್ಟು ಮೇಲ್ಮೈಯಲ್ಲಿಯೇ ಪ್ರತಿಫಲಿಸಿ ಹಿಂದಿರುಗುತ್ತದೆ. ಸೂರ್ಯ ದಿಗಂತಕ್ಕೆ ಇಳಿದಂತೆ ಈ ಪಾಲು ಬಹಳ ಹೆಚ್ಚುತ್ತದೆ. ಒಳಹೊಕ್ಕ ಬೆಳಕಿಗೆ ಎರಡು ಗತಿಗಳಿವೆ: ಒಂದು ಹೀರಿಕೆ, ಎಂದರೆ ನೀರು ಅಥವಾ ನೀರಿನಲ್ಲಿರುವ ವಸ್ತು ಬೆಳಕನ್ನು ನುಂಗಿಬಿಡುವುದು, ಇನ್ನೊಂದು ಚದುರಿಕೆ, ಎಂದರೆ ಕಣಗಳಿಗೆ ತಾಗಿದ ಬೆಳಕು ದಿಕ್ಕು ಬದಲಿಸಿ ಅತ್ತಿತ್ತ ಸರಿಯುವುದು. ಇವೆರಡೂ ಸೇರಿ ಪ್ರತಿ ಮೀಟರಿಗೆ ಬೆಳಕಿನ ಇಂತಿಷ್ಟು ಪಾಲನ್ನು ಕಳೆಯುತ್ತವೆ, ಇಂತಿಷ್ಟು ಮೊತ್ತವನ್ನಲ್ಲ. ಈ ಕಳೆಯುವಿಕೆಯ ವೇಗವನ್ನು ಹೇಳುವ ಸಂಖ್ಯೆಗೆ ಕ್ಷೀಣನ ಗುಣಾಂಕ ಎಂದು ಹೆಸರು. ಗುಣಾಂಕವು ಮೀಟರಿಗೆ 0.5 ಎಂದಿಟ್ಟುಕೊಂಡರೆ ಒಂದು ಮೀಟರ್ ಆಳದಲ್ಲಿ ಉಳಿಯುವುದು ಶೇ 61, ಎರಡು ಮೀಟರಿನಲ್ಲಿ ಶೇ 37, ನಾಲ್ಕರಲ್ಲಿ ಶೇ 13.5, ಒಂಬತ್ತು ಮೀಟರ್ ದಾಟುತ್ತಿದ್ದಂತೆ ಶೇ 1 ಮಾತ್ರ. ದೋಣಿಯವರ ಲೆಕ್ಕದಲ್ಲಿ ಇದು ಸುಮಾರು ಐದು ಮಾರು. ಮೇಲ್ಮೈಯ ಬೆಳಕಿನ ಶೇ 1 ಉಳಿಯುವ ಈ ಆಳವನ್ನು ಸಸ್ಯಪ್ಲವಕಗಳ ಬಾಳ್ವೆಯ ತಳಗಡಿ ಎಂದು ಸಮುದ್ರವಿಜ್ಞಾನಿಗಳು ಸ್ಥೂಲವಾಗಿ ಹಿಡಿಯುತ್ತಾರೆ. ಗುಣಾಂಕ 0.03ರಷ್ಟಿರುವ ತಿಳಿಯಾದ ನಡುಸಾಗರದಲ್ಲಿ ಈ ಗಡಿ 150 ಮೀಟರಿಗೆ ಇಳಿದರೆ, ಗುಣಾಂಕ 2 ಇರುವ ರಾಡಿ ನೀರಿನಲ್ಲಿ ಅದು ಆಳೆತ್ತರಕ್ಕಿಂತ ತುಸು ಹೆಚ್ಚು, 2.3 ಮೀಟರ್.

ಗುಣಾಂಕವು ಎಲ್ಲ ಬಣ್ಣಗಳಿಗೂ ಒಂದೇ ಅಲ್ಲ. ಶುದ್ಧ ನೀರು ಕೆಂಪು ಬೆಳಕನ್ನು ಬಲವಾಗಿ ಹೀರುತ್ತದೆ, ನೀಲಿಯನ್ನು ಬಹುತೇಕ ಬಿಟ್ಟುಕೊಡುತ್ತದೆ. ನಡುಸಾಗರ ಕಡುನೀಲಿಯಾಗಿರುವುದಕ್ಕೆ ಇದೇ ಕಾರಣ. ಕರಾವಳಿಯ ನೀರಿನಲ್ಲಿ ಇನ್ನೂ ಮೂರು ವಸ್ತುಗಳು ಈ ಲೆಕ್ಕಕ್ಕೆ ಸೇರುತ್ತವೆ. ಘಟ್ಟದ ಕಾಡಿನ ತರಗೆಲೆ ಕೊಳೆತು ಹೊಳೆಗೆ ಬಿಡುವ, ಚಹಾದ ಕಷಾಯದಂತೆ ಕಾಣುವ ಕರಗಿದ ಸಾವಯವ ದ್ರವ್ಯ ಮೊದಲನೆಯದು. ಅದು ನೀಲಿಯನ್ನು ಹೀರುತ್ತದೆ. ಮುರಕಲ್ಲಿನ ನೆಲದಿಂದ ಕೊಚ್ಚಿ ಬರುವ, ಕಬ್ಬಿಣದ ಆಕ್ಸೈಡಿನಿಂದ ಕೆಂಪಾದ ಮಣ್ಣಿನ ಕಣಗಳು ಎರಡನೆಯದು. ಅವು ನೀಲಿಯನ್ನು ಹೀರುವುದರ ಜೊತೆಗೆ ಉಳಿದ ಬೆಳಕನ್ನೂ ಚದುರಿಸುತ್ತವೆ. ಮೂರನೆಯದು ಸಸ್ಯಪ್ಲವಕಗಳೇ, ಅವುಗಳ ಪತ್ರಹರಿತ್ತು ನೀಲಿಯನ್ನೂ ಕೆಂಪನ್ನೂ ಬಳಸಿಕೊಂಡು ಹಸಿರನ್ನು ಬಿಡುತ್ತದೆ. ಮೂರೂ ನೀಲಿಯ ಮೇಲೆಯೇ ಬೀಳುವುದರಿಂದ ಕರೆಯ ಸಮುದ್ರದಲ್ಲಿ ಅತಿ ಆಳಕ್ಕೆ ಇಳಿಯುವ ಬಣ್ಣ ಹಸಿರು, ಮಣ್ಣು ಬಹಳವಾದರೆ ಹಳದಿಯ ಕಡೆಗೆ ವಾಲಿದ ಹಸಿರು. ಸ್ವೀಡನ್ನಿನ ನಿಲ್ಸ್ ಯೆರ್ಲೊವ್ 1947–48ರ ‘ಆಲ್ಬಟ್ರಾಸ್’ ಹಡಗಿನ ಯಾನದ ಅಳತೆಗಳನ್ನು ಇಟ್ಟುಕೊಂಡು ಜಗತ್ತಿನ ಕಡಲ ನೀರನ್ನು ಬೆಳಕಿನ ಇಳಿತದ ಪ್ರಕಾರ ವರ್ಗೀಕರಿಸಿದಾಗ, ನಡುಸಾಗರದ ನೀರಿಗೂ ಕರಾವಳಿಯ ನೀರಿಗೂ ಬೇರೆಬೇರೆ ಸಾಲುಗಳನ್ನೇ ಕೊಡಬೇಕಾಯಿತು.

ಬೈಂದೂರು ತಾಲ್ಲೂಕಿನ ಕರೆಯಲ್ಲಿ ಈ ಮೂರು ವಸ್ತುಗಳ ಪ್ರಮಾಣ ವರ್ಷದುದ್ದಕ್ಕೂ ಒಂದೇ ಇರುವುದಿಲ್ಲ. ಕೊಡಚಾದ್ರಿಯ ಮಗ್ಗುಲಿನಲ್ಲಿ ಹುಟ್ಟಿ ಕೊಲ್ಲೂರನ್ನು ಹಾದು ಬರುವ ಸೌಪರ್ಣಿಕೆ, ಮಳೆಗಾಲದಲ್ಲಿ ನಾವುಂದದ ಸಾಲ್ಬುಡದಂಥ ತಗ್ಗು ಪ್ರದೇಶಗಳನ್ನು ಮುಳುಗಿಸುವಷ್ಟು ಉಕ್ಕುತ್ತದೆ. ಆದರೂ ಅದು ನಾವುಂದದಲ್ಲಿ ಕಡಲನ್ನು ಸೇರುವುದಿಲ್ಲ. ಮರವಂತೆಯಲ್ಲಿ ಸಮುದ್ರದ ಮಗ್ಗುಲಿಗೆ ಬಂದೂ ಅದಕ್ಕೆ ಬೆನ್ನುಹಾಕಿ ತೆಂಕಣಕ್ಕೆ ಹರಿದು, ಗಂಗೊಳ್ಳಿಯ ಬಳಿ ವಾರಾಹಿ, ಚಕ್ರಾ ಮೊದಲಾದ ಹೊಳೆಗಳೊಡನೆ ಪಂಚಗಂಗಾವಳಿಯಾಗಿ ಅಳಿವೆಯನ್ನು ಸೇರುತ್ತದೆ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಭಾರತದ ಪಶ್ಚಿಮ ಕರಾವಳಿಯ ಪ್ರವಾಹ ಒಟ್ಟಾರೆ ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತದೆ, ಚಳಿಗಾಲದಲ್ಲಿ ಅದರ ದಿಕ್ಕು ತಿರುಗುತ್ತದೆ. ಹೀಗಾಗಿ ಆಷಾಢದಲ್ಲಿ ನಾವುಂದದ ಎದುರಿನ ನೀರು ಕೆಂಪಾಗಿ ಕಂಡರೆ ಅದು ಊರ ಬಗಲಲ್ಲೇ ಹರಿಯುವ ಹೊಳೆಯ ನೀರೆಂದು ತಟಕ್ಕನೆ ಹೇಳುವಂತಿಲ್ಲ. ಬಡಗಣದ ಕೊಡೇರಿಯಲ್ಲಿ ಕಡಲಿಗಿಳಿಯುವ ಎಡಮಾವಿನ ಹೊಳೆಯದೋ ಬೈಂದೂರಿನ ಸುಮನಾ ನದಿಯದೋ ಆಗಿರುವ ಸಾಧ್ಯತೆಯೇ ಹೆಚ್ಚು. ಇದರ ಮೇಲೆ ಮಳೆಗಾಲದ ತೆರೆಗಳು ತಳದ ಕೆಸರನ್ನೂ ಎಬ್ಬಿಸುತ್ತವೆ. ಮಳೆ ನಿಂತು ಕಡಲು ತಿಳಿಯಾದ ಮೇಲೆ, ಬೇಸಿಗೆಯ ಕಡೆಗೆ, ಕರಾವಳಿಯಲ್ಲಿ ಆಗಾಗ ಗರಗಸದ ಹೊಟ್ಟಿನಂತೆ ತೇಲುವ ಟ್ರೈಕೊಡೆಸ್ಮಿಯಮ್ ಎಂಬ ನೀಲಹಸಿರು ಪಾಚಿ ಮತ್ತೊಂದು ಬಗೆಯ ಪರದೆಯನ್ನು ಹಾಸುತ್ತದೆ.

ಕಡಲಿನ ಬೆಳಕನ್ನು ಅಳೆಯುವ ಕೆಲಸದಲ್ಲಿ ಭಾರತದ ಹೆಸರು ಬಹು ಮುಂಚೆಯೇ ಸೇರಿಕೊಂಡಿದೆ. ಸಮುದ್ರದ ನೀಲಿ ಎಂಬುದು ಆಕಾಶದ ನೀಲಿಯ ಪ್ರತಿಬಿಂಬ ಮಾತ್ರ ಎಂಬ ಲಾರ್ಡ್ ರೇಲಿಯವರ ಮಾತನ್ನು ಚಂದ್ರಶೇಖರ ವೆಂಕಟ ರಾಮನ್ 1921ರಲ್ಲಿ ಇಂಗ್ಲೆಂಡಿನಿಂದ ‘ನಾರ್ಕುಂಡಾ’ ಹಡಗಿನಲ್ಲಿ ಮರಳುವಾಗ ಪರೀಕ್ಷೆಗೆ ಒಡ್ಡಿದರು. ಅವರ ಕೈಯಲ್ಲಿದ್ದ ಉಪಕರಣ ನಿಕಲ್ ಪಟ್ಟಕ, ಎಂದರೆ ಒಂದೇ ತಲದಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಸ್ಫಟಿಕ. ನೀರಿನ ಮೇಲ್ಮೈಯಿಂದ ಲಂಬಕ್ಕೆ ಸುಮಾರು 53 ಡಿಗ್ರಿ ಓರೆಯಲ್ಲಿ ಪ್ರತಿಫಲಿಸುವ ಬೆಳಕು ಪೂರ್ತಿಯಾಗಿ ಇಂಥ ಒಂದೇ ತಲದ ಬೆಳಕಾಗಿರುವುದರಿಂದ, ಪಟ್ಟಕವನ್ನು ತಕ್ಕಂತೆ ತಿರುಗಿಸಿದರೆ ಆಕಾಶದ ಪ್ರತಿಬಿಂಬ ಅಳಿಸಿಹೋಗುತ್ತದೆ. ಹಾಗೆ ಅಳಿಸಿದ ಮೇಲೆ ಉಳಿದ ನೀರು ಇನ್ನಷ್ಟು ದಟ್ಟ ನೀಲಿಯಾಗಿಯೇ ಕಂಡಿತು. ನೀಲಿ ನೀರಿನೊಳಗಿನಿಂದ ಬರುತ್ತದೆಂಬುದು ಇದರಿಂದ ಸ್ಥಿರವಾಯಿತು. ಮೇಲ್ಮೈಯ ಹೊಳಪನ್ನು ಕಳೆದು ಒಳಗಿನ ಬೆಳಕನ್ನು ಮಾತ್ರ ಹಿಡಿಯುವ ಅದೇ ಸಮಸ್ಯೆಯನ್ನು ಇಂದಿನ ಹಡಗುಗಳ ಮೇಲಿನ ಯಂತ್ರಗಳೂ ಎದುರಿಸುತ್ತವೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮವೂ ಕಡಲೊಳಗೆ ನಡೆಯುತ್ತಲೇ ಇದೆ: ಸೂರ್ಯನ ಕೆಂಪು ಬೆಳಕು ತಲುಪಲಾರದ ಆಳದಲ್ಲಿಯೂ ತಿಳಿನೀರಿನಲ್ಲಿ ಮಸುಕಾದ ಕೆಂಪು ದಾಖಲಾಗುತ್ತದೆ, ಏಕೆಂದರೆ ನೀರಿನ ಅಣುಗಳು ನೀಲಿ-ಹಸಿರು ಬೆಳಕಿನ ಅಲ್ಪಾಂಶವನ್ನು ಉದ್ದದ ತರಂಗಗಳಾಗಿ ಬದಲಿಸಿ ಚದುರಿಸುತ್ತವೆ.

ಅಳತೆಯ ಸಾಧನಗಳಲ್ಲಿ ಅತಿ ಹಳೆಯದೂ ಅತಿ ಅಗ್ಗದ್ದೂ ಆದುದು ಸೆಕ್ಕಿ ತಟ್ಟೆ. ರೋಮಿನ ಪಾದ್ರಿಯೂ ಖಗೋಳಜ್ಞರೂ ಆಗಿದ್ದ ಆಂಜೆಲೊ ಸೆಕ್ಕಿ 1865ರ ಏಪ್ರಿಲ್‌ನಲ್ಲಿ ಪೋಪರ ಹಡಗಿನಿಂದ ಬೇರೆಬೇರೆ ಅಳತೆಯ, ಬೇರೆಬೇರೆ ಬಣ್ಣದ ತಟ್ಟೆಗಳನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಸಿ, ಅವು ಕಣ್ಮರೆಯಾಗುವ ಆಳವನ್ನು ಗುರುತಿಸಿದರು. ಇಂದು ಕಡಲಿನಲ್ಲಿ ಸಾಮಾನ್ಯವಾಗಿ ಬಳಸುವುದು 30 ಸೆಂಟಿಮೀಟರ್ ಅಗಲದ ಬಿಳಿ ತಟ್ಟೆ. ಅದರ ಅಡಿಗೆ ಭಾರ ಕಟ್ಟಿ, ಅಳತೆ ಗುರುತಿಸಿದ ಹಗ್ಗದಿಂದ ದೋಣಿಯ ನೆರಳಿರುವ ಬದಿಯಲ್ಲಿ ಇಳಿಸಬೇಕು, ಇಲ್ಲವಾದರೆ ನೀರಿನ ಮೇಲಣ ಝಳ ಕಣ್ಣಿಗೆ ಹೊಡೆಯುತ್ತದೆ. ತಟ್ಟೆ ಮರೆಯಾದ ಆಳವನ್ನು ಬರೆದುಕೊಂಡು, ಇನ್ನೂ ಸ್ವಲ್ಪ ಇಳಿಸಿ, ಮತ್ತೆ ಮೇಲೆಳೆಯುವಾಗ ಅದು ಮೊದಲು ಕಾಣಿಸಿದ ಆಳವನ್ನೂ ಬರೆದು, ಎರಡರ ಸರಾಸರಿ ತೆಗೆಯುವುದು ಕ್ರಮ. ಸೆಳೆತಕ್ಕೆ ಹಗ್ಗ ಓರೆಯಾದರೆ ಓದಿದ ಆಳ ನಿಜವಾದ ಆಳಕ್ಕಿಂತ ಹೆಚ್ಚಾಗುತ್ತದೆ. ಹಾಗಾಗಿ ಭಾರ ಸಾಲದ ತಟ್ಟೆಯಿಂದ ಅಳತೆ ತೆಗೆಯದಿರುವುದೇ ಲೇಸು.

ಈ ಆಳದಿಂದ ಗುಣಾಂಕವನ್ನು ಪಡೆಯುವಲ್ಲಿ ಎಚ್ಚರ ಬೇಕು. ಇಂಗ್ಲಿಷ್ ಕಾಲುವೆಯ ನೀರಿನಲ್ಲಿ ಅಳತೆ ನಡೆಸಿದ ಪೂಲ್ ಮತ್ತು ಅಟ್ಕಿನ್ಸ್ 1929ರಲ್ಲಿ 1.7ನ್ನು ತಟ್ಟೆಯ ಆಳದಿಂದ ಭಾಗಿಸಿದರೆ ಗುಣಾಂಕ ಸಿಗುತ್ತದೆಂದು ತೋರಿಸಿದರು. ಕ್ಯಾಲಿಫೋರ್ನಿಯಾದ ಗೊಲೀಟಾ ಕೊಲ್ಲಿಯ ಕದಡಿದ ನೀರಿಗೆ 1.44 ಹೊಂದುತ್ತದೆಂದು ಹೋಮ್ಸ್ 1970ರಲ್ಲಿ ಕಂಡುಕೊಂಡರು. ತಟ್ಟೆ 3 ಮೀಟರಿನಲ್ಲಿ ಮರೆಯಾಯಿತೆಂದು ಭಾವಿಸಿದರೆ ಮೊದಲ ಸೂತ್ರದಂತೆ ಶೇ 1ರ ಗಡಿ 8.1 ಮೀಟರ್, ಎರಡನೆಯದರಂತೆ 9.6 ಮೀಟರ್. ಈ ವ್ಯತ್ಯಾಸಕ್ಕೆ ಕಾರಣ ಮಣ್ಣಿನ ಕಣಗಳು. ಅವು ಬೆಳಕನ್ನು ಚದುರಿಸಿ ತಟ್ಟೆಯ ರೂಪವನ್ನು ಬೇಗ ಮಸುಕುಗೊಳಿಸುತ್ತವೆ, ಆದರೆ ಚದುರಿದ ಬೆಳಕಿನಲ್ಲಿ ಬಹುಪಾಲು ಕೆಳಮುಖವಾಗಿಯೇ ಸಾಗುತ್ತಿರುತ್ತದೆ. ಕಣ್ಣಿಗೆ ತಟ್ಟೆ ಕಾಣದಿದ್ದರೂ ಸಸ್ಯಕ್ಕೆ ಬೆಳಕು ಸಿಗುತ್ತಿರುತ್ತದೆ. ಆದ್ದರಿಂದ ಪರದೇಶದ ಒಂದು ಕೊಲ್ಲಿಯ ಸಂಖ್ಯೆಯನ್ನು ತಂದು ಗಂಗೊಳ್ಳಿಯ ಅಳಿವೆಗೆ ಹಚ್ಚುವುದಕ್ಕಿಂತ, ಇಲ್ಲಿಯೇ ತಟ್ಟೆಯನ್ನೂ ಯಂತ್ರವನ್ನೂ ಒಟ್ಟಿಗೆ ಇಳಿಸಿ ಇಲ್ಲಿನ ಸಂಖ್ಯೆಯನ್ನು ಪಡೆಯುವುದು ಯುಕ್ತ.

ಆ ಯಂತ್ರ ಬೆಳಕಿನ ಸಂವೇದಕ. ದ್ಯುತಿಸಂಶ್ಲೇಷಣೆಗೆ ಒದಗುವ 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಪ್ರತಿ ಚದರ ಮೀಟರಿಗೆ ಪ್ರತಿ ಸೆಕೆಂಡಿಗೆ ಎಷ್ಟು ಫೋಟಾನುಗಳು, ಅಂದರೆ ಬೆಳಕಿನ ಕಣಗಳು, ಬೀಳುತ್ತವೆ ಎಂಬುದನ್ನು ಅದು ಎಣಿಸುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಲಕ್ಸ್ ಮೀಟರ್ ಈ ಕೆಲಸಕ್ಕೆ ಒದಗದು. ಅದು 555 ನ್ಯಾನೊಮೀಟರಿನ ಹಸಿರಿಗೆ ಹೆಚ್ಚು ಸ್ಪಂದಿಸುವ ಮನುಷ್ಯನ ಕಣ್ಣಿಗೆ ತಕ್ಕಂತೆ ತಯಾರಾದುದು, ಹಸಿರೇ ಉಳಿಯುವ ಕರಾವಳಿಯ ನೀರಿನಲ್ಲಿ ಅದರ ಓದು ಸಸ್ಯಕ್ಕೆ ದಕ್ಕುವ ಬೆಳಕನ್ನು ಉಬ್ಬಿಸಿ ತೋರಿಸುತ್ತದೆ. ಸರಿಯಾದ ಸಂವೇದಕವೂ ನೀರಿಗಿಳಿದ ಕೂಡಲೇ ಕಡಿಮೆ ಓದುತ್ತದೆ: ಬೆಳಕನ್ನು ಸಮವಾಗಿ ಹರಡಲು ಅದರ ತಲೆಯ ಮೇಲಿಟ್ಟ ಬಿಳಿ ಬಿಲ್ಲೆಯಿಂದ ಗಾಳಿಗಿಂತ ನೀರಿಗೆ ಬೆಳಕು ಸುಲಭವಾಗಿ ಸೋರಿಹೋಗುವುದರಿಂದ, ಓದಿದ ಸಂಖ್ಯೆಯನ್ನು ಸುಮಾರು 1.3ರಿಂದ ಗುಣಿಸಬೇಕಾಗುತ್ತದೆ. ತಟ್ಟೆಗೆ ನೆರಳಿನ ಬದಿ ಬೇಕಾದರೆ ಸಂವೇದಕಕ್ಕೆ ಬಿಸಿಲಿನ ಬದಿ ಬೇಕು, ಅದೂ ದೋಣಿಯ ನೆರಳು ತಾಗದಷ್ಟು ದೂರದಲ್ಲಿ. ಒಂದು ಮೋಡ ಸರಿದರೂ ಆಳದಲ್ಲಿ ಬೆಳಕು ಕುಗ್ಗಿದಂತೆ ತೋರುವುದರಿಂದ ದೋಣಿಯ ಮೇಲೆ ಇನ್ನೊಂದು ಸಂವೇದಕವಿಟ್ಟು ಎರಡರ ಅನುಪಾತ ತೆಗೆಯುತ್ತಾರೆ. ಮೇಲ್ಪದರದಲ್ಲಿ ತೆರೆಗಳು ಮಸೂರದಂತೆ ಬೆಳಕನ್ನು ಕೂಡಿಸಿ ಮಿನುಗಿಸುವುದರಿಂದ ಒಂದೇ ಕ್ಷಣದ ಓದನ್ನು ನಂಬದೆ ಕೆಲವು ನಿಮಿಷಗಳ ಸರಾಸರಿಯನ್ನು ಹಿಡಿಯುತ್ತಾರೆ.

ಹೊತ್ತಿನ ವಿಷಯದಲ್ಲಿ ನಾವುಂದಕ್ಕೆ ತನ್ನದೇ ಲೆಕ್ಕವಿದೆ. ಸೂರ್ಯ ಓರೆಯಾದಷ್ಟೂ ಬೆಳಕು ನೀರಿನಲ್ಲಿ ಹೆಚ್ಚು ದೂರ ನಡೆದು ಅದೇ ಆಳವನ್ನು ತಲುಪಬೇಕಾಗುವುದರಿಂದ ಅಳತೆಗೆ ನಡುಹಗಲೇ ಒಳ್ಳೆಯದು. ಆದರೆ ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶವನ್ನು ಅನುಸರಿಸುತ್ತದೆ, ನಾವುಂದ ಇರುವುದು 74.6 ಡಿಗ್ರಿಯ ಸುಮಾರಿನಲ್ಲಿ. ಡಿಗ್ರಿಗೆ 4 ನಿಮಿಷದಂತೆ ಇಲ್ಲಿಯ ನಿಜವಾದ ಮಧ್ಯಾಹ್ನ ಗಡಿಯಾರದ 12.30ರ ಆಸುಪಾಸಿನಲ್ಲಿ ಬರುತ್ತದೆ, ಫೆಬ್ರವರಿಯ ನಡುವಿನಲ್ಲಿ 12.45ಕ್ಕೆ, ನವೆಂಬರ್ ಮೊದಲಲ್ಲಿ 12.15ಕ್ಕೆ. 13.7 ಡಿಗ್ರಿ ಉತ್ತರ ಅಕ್ಷಾಂಶದ ಈ ಊರಿನಲ್ಲಿ ಸೂರ್ಯ ನೇರ ನೆತ್ತಿಗೆ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ. ಎರಡನೆಯ ಸಲ ಮಳೆಯ ಮೋಡದ ಮೇಲೆ ಬಂದು ಹೋಗುತ್ತದೆ ಎಂಬುದು ಬೇರೆ ಮಾತು.

ತಟ್ಟೆ ಪೂರ್ತಿಯಾಗಿ ಸೋಲುವ ಸಂದರ್ಭವೂ ಒಂದಿದೆ, ಅಳಿವೆಯ ಎದುರಿನಲ್ಲಿ ಅದು ಅಪರೂಪವೂ ಅಲ್ಲ. ಹೊಳೆಯ ಸಿಹಿನೀರು ಉಪ್ಪುನೀರಿಗಿಂತ ಹಗುರ. ಅದು ಕಡಲೊಡನೆ ತಕ್ಷಣ ಬೆರೆಯದೆ ತೆಳುವಾದ ಕೆಂಪು ಪದರವಾಗಿ ಮೇಲೆ ಹರಡಿಕೊಳ್ಳುತ್ತದೆ. ಆ ಪದರ ಒಂದು ಮೀಟರ್ ದಪ್ಪವಿದ್ದು ಅದರ ಗುಣಾಂಕ 2 ಎಂದೂ, ಕೆಳಗಿನ ಉಪ್ಪುನೀರಿನ ಗುಣಾಂಕ 0.3 ಎಂದೂ ಇಟ್ಟುಕೊಳ್ಳೋಣ. ಪದರವನ್ನು ದಾಟುವುದರೊಳಗೆ ಬೆಳಕು ಶೇ 13.5ಕ್ಕೆ ಇಳಿದರೂ ಅಲ್ಲಿಂದ ಕೆಳಗೆ ನಿಧಾನವಾಗಿ ಕುಗ್ಗುವುದರಿಂದ 5 ಮೀಟರ್ ಆಳದಲ್ಲಿ ಶೇ 4ರಷ್ಟು ಉಳಿದಿರುತ್ತದೆ. ತಟ್ಟೆಯಾದರೋ ಮುಕ್ಕಾಲು ಮೀಟರ್ ಮುಟ್ಟುವ ಮುನ್ನವೇ, ಕೆಂಪು ಪದರದೊಳಗೇ, ಕಣ್ಮರೆಯಾಗುತ್ತದೆ. ಅದರಿಂದ ಬಂದ ಗುಣಾಂಕವನ್ನೇ 5 ಮೀಟರಿನವರೆಗೆ ಎಳೆದರೆ ಸಿಗುವ ಉತ್ತರ ಶೇ 0.0045. ನಿಜಕ್ಕೂ ಲೆಕ್ಕಕ್ಕೂ 900 ಪಟ್ಟು ಅಂತರ. ಬದುಕಿಗೆ ಸಾಲುವಷ್ಟು ಬೆಳಕಿರುವ ನೀರನ್ನು ಕತ್ತಲೆಯೆಂದು ಬರೆದಿಡುವ ಈ ತಪ್ಪನ್ನು, ಸಂವೇದಕವನ್ನು ಅರ್ಧರ್ಧ ಮೀಟರಿಗೆ ನಿಲ್ಲಿಸಿ ಇಳಿಸುವುದರಿಂದ ಮಾತ್ರ ತಪ್ಪಿಸಬಹುದು. ಭರತ-ಇಳಿತಗಳಿಗೆ ತಕ್ಕಂತೆ ಈ ಪದರ ಹಿಂದೆಮುಂದೆ ಸರಿಯುವುದರಿಂದ ಭರತದ ಅಳತೆಯನ್ನೂ ಇಳಿತದ ಅಳತೆಯನ್ನೂ ಒಂದೇ ಪಟ್ಟಿಯಲ್ಲಿ ಗುರುತಿಲ್ಲದೆ ಬೆರೆಸಲೂ ಬಾರದು.

ಉಪಗ್ರಹವಿರುವಾಗ ಇಷ್ಟೆಲ್ಲ ತೊಡಕೇಕೆ ಎಂಬ ಪ್ರಶ್ನೆ ಸಹಜ. ಇಸ್ರೋ 1999ರ ಮೇ 26ರಂದು ಹಾರಿಸಿದ ಓಷನ್‌ಸ್ಯಾಟ್-1 ಉಪಗ್ರಹದ ಸಾಗರವರ್ಣ ಕ್ಯಾಮೆರಾ ಸುಮಾರು 360 ಮೀಟರ್ ಅಗಲದ ತುಣುಕುಗಳಾಗಿ ಕಡಲಿನ ಬಣ್ಣವನ್ನು ನೋಡಿತು. 2009ರಲ್ಲಿ ಓಷನ್‌ಸ್ಯಾಟ್-2 ಹಾರಿತು, 2022ರ ನವೆಂಬರ್ 26ರಂದು ಹಾರಿದ ಮೂರನೆಯದರಲ್ಲಿ 13 ಬಣ್ಣಪಟ್ಟಿಗಳಿವೆ. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್, ಕಡಲಿನ ಬಣ್ಣ ಮತ್ತು ಉಷ್ಣತೆಯ ಇಂಥ ನಕ್ಷೆಗಳಿಂದಲೇ ಮೀನು ಸಿಗಬಹುದಾದ ಜಾಗಗಳ ಮುನ್ಸೂಚನೆಯನ್ನು ಮೀನುಗಾರರಿಗೆ ಕೊಡುತ್ತದೆ. ಆದರೆ ಉಪಗ್ರಹವನ್ನು ತಲುಪುವ ಬೆಳಕಿನಲ್ಲಿ ಕಡಲೊಳಗಿನಿಂದ ಬಂದದ್ದು ಹತ್ತರಲ್ಲಿ ಒಂದು ಪಾಲಿನಷ್ಟು, ಉಳಿದದ್ದು ಬಹುಮಟ್ಟಿಗೆ ವಾತಾವರಣದ್ದು. ಅದನ್ನು ಕಳೆಯುವ ಲೆಕ್ಕಗಳು ನಡುಸಾಗರದಲ್ಲಿ ಸಲೀಸಾಗಿ ನಡೆದು ಕರೆಯ ಹತ್ತಿರ ಎಡವುತ್ತವೆ. ನೀಲಿ ಕಡಿಮೆಯಾಗಿ ಹಸಿರು ಹೆಚ್ಚಾದರೆ ಪ್ಲವಕ ಹೆಚ್ಚಿದೆ ಎಂಬುದು ಅವುಗಳ ಮೂಲ ತರ್ಕ. ಕಾಡಿನ ಕಷಾಯವೂ ಮುರಕಲ್ಲಿನ ಮಣ್ಣೂ ಅದೇ ನೀಲಿಯನ್ನು ಹೀರುವಾಗ ಹೊಳೆಯ ರಾಡಿಯೂ ಮೀನಿನ ಮೇವಿನಂತೆ ಕಾಣುತ್ತದೆ. ಪ್ಲವಕವೊಂದೇ ಬಣ್ಣವನ್ನು ನಿರ್ಧರಿಸುವ ನೀರು, ಹಲವು ವಸ್ತುಗಳು ಸೇರಿ ನಿರ್ಧರಿಸುವ ನೀರು ಎಂದು ಫ್ರಾನ್ಸಿನ ಮೊರೆಲ್ ಮತ್ತು ಪ್ರಿಯರ್ 1977ರಲ್ಲಿ ಮಾಡಿದ ವಿಭಾಗದಲ್ಲಿ ಮಳೆಗಾಲದ ಕುಂದಾಪುರದ ಕರೆ ಎರಡನೆಯದಕ್ಕೆ ಸೇರುತ್ತದೆ. ಹೊಳೆಗಳು ಅತಿ ಹೆಚ್ಚು ಕೆಂಪುನೀರನ್ನು ಕಡಲಿಗೆ ಸುರಿಯುವ ವಾರಗಳಲ್ಲಿಯೇ ಮೋಡ ಮುಚ್ಚಿಕೊಂಡು ಉಪಗ್ರಹಕ್ಕೆ ಏನೂ ಕಾಣದಿರುವುದು ಇದಕ್ಕೆ ಸೇರುವ ಇನ್ನೊಂದು ಕೊರತೆ. ನಾಡದೋಣಿಗಳು ದುಡಿಯುವ ಮೊದಲ ಕೆಲವು ಕಿಲೋಮೀಟರುಗಳ ಮಟ್ಟಿಗೆ, ಗೊತ್ತಾದ ಜಾಗದಲ್ಲಿ ಗೊತ್ತಾದ ಹೊತ್ತಿಗೆ ವರ್ಷಗಟ್ಟಲೆ ಇಳಿಸಿದ ಒಂದು ತಟ್ಟೆಯ ದಾಖಲೆ ಬಣ್ಣಬಣ್ಣದ ನಕ್ಷೆಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಬೆಳಕು ಮೀನುಗಾರಿಕೆಯ ವಿವಾದದಲ್ಲಿಯೂ ಈ ಅಳತೆಗೆ ಜಾಗವಿದೆ. ಜನರೇಟರಿನ ಬಲದಿಂದ ಪ್ರಖರ ಎಲ್‌ಇಡಿ ದೀಪಗಳನ್ನು ಬೆಳಗಿಸಿ ಮೀನನ್ನು ಸೆಳೆದು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಉಡುಪಿ ಜಿಲ್ಲೆಯ ನಾಡದೋಣಿ ಮೀನುಗಾರರು ಬೆಳಕು ಮೀನುಗಾರಿಕೆಯ ವಿರುದ್ಧ ಮತ್ತೆಮತ್ತೆ ದನಿಯೆತ್ತಿದ್ದಾರೆ. ಚರ್ಚೆ ಸಾಮಾನ್ಯವಾಗಿ ದೀಪದ ವ್ಯಾಟುಗಳಲ್ಲಿ ನಡೆಯುತ್ತದೆ. ಆದರೆ ಹರಡಿಕೆಯಿಂದಾಗುವ ನಷ್ಟವನ್ನು ಬದಿಗಿಟ್ಟರೂ, ಗುಣಾಂಕ 0.1 ಇರುವ ತಿಳಿನೀರಿನಲ್ಲಿ 20 ಮೀಟರ್ ದೂರಕ್ಕೆ ದೀಪದ ಬೆಳಕಿನ ಶೇ 13.5 ತಲುಪಿದರೆ, 0.5 ಇರುವ ನೀರಿನಲ್ಲಿ ಅದೇ ದೂರಕ್ಕೆ ತಲುಪುವುದು ಇಪ್ಪತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಹೀಗಾಗಿ ಒಂದೇ ದೀಪ ಜನವರಿಯ ಹೊರಗಡಲಿನಲ್ಲಿ ಮಾಡುವ ಸೂರೆಯೂ ಸೆಪ್ಟೆಂಬರಿನ ಕರೆಯಲ್ಲಿ ಮಾಡುವ ಸೂರೆಯೂ ಒಂದೇ ಆಗಿರಲಾರದು, ದೀಪದ ಹಾನಿಯನ್ನು ತೂಗಬೇಕಾದರೆ ನೀರಿನ ತಿಳಿತನದ ಲೆಕ್ಕವೂ ಜೊತೆಗಿರಬೇಕು.

ಕಡಲಿನಲ್ಲಿ ಸಂವೇದಕವನ್ನು ಕಟ್ಟಿಟ್ಟು ಬರುವುದು ಸುಲಭದ ಪರಿಹಾರದಂತೆ ತೋರಿದರೂ ನಮ್ಮ ಬೆಚ್ಚಗಿನ ನೀರಿನಲ್ಲಿ ಕೆಲವೇ ದಿನಗಳಲ್ಲಿ ಅದರ ಮುಖದ ಮೇಲೆ ಲೋಳೆ, ಪಾಚಿ, ಆಮೇಲೆ ದೋಣಿಯ ತಳಕ್ಕೆ ಅಂಟುವಂಥ ಚಿಪ್ಪುಜೀವಿಗಳು ಬೆಳೆಯುತ್ತವೆ, ಯಂತ್ರ ತನ್ನ ಮೇಲಿನ ಪಾಚಿಯ ನೆರಳನ್ನೇ ಕಡಲಿನ ಕತ್ತಲೆಯೆಂದು ಬರೆಯತೊಡಗುತ್ತದೆ. ತಾಮ್ರದ ಕವಚ, ತಾನಾಗಿ ಒರೆಸುವ ಕುಂಚ ಮುಂತಾದ ಉಪಾಯಗಳಿವೆ, ಅವು ದುಬಾರಿ. ಕೇರಳದ ವೆಂಬನಾಡು ಕಾಯಲಿನಲ್ಲಿ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಬೇರೆ ದಾರಿ ಹಿಡಿದು, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸೆಕ್ಕಿ ತಟ್ಟೆಯನ್ನೂ ‘ಟರ್ಬ್‌ಅಕ್ವಾ’ ಎಂಬ ಮೊಬೈಲ್ ಆ್ಯಪನ್ನೂ ಸ್ಥಳೀಯರ ಕೈಗೆ ಕೊಟ್ಟರು. ಆ ತಟ್ಟೆಯ ಜೊತೆಗೆ ನೀರಿನ ಬಣ್ಣವನ್ನು ಹೋಲಿಸಿ ನೋಡಲು ನೀಲಿಯಿಂದ ಕಂದಿನವರೆಗಿನ 21 ಬಣ್ಣಗಳ ಫೊರೆಲ್-ಉಲೆ ಪಟ್ಟಿಯೂ ಇರುತ್ತದೆ. 1890ರ ದಶಕದಲ್ಲಿ ಯುರೋಪಿನ ಕೆರೆಗಳಿಗಾಗಿ ಹುಟ್ಟಿದ ಆ ಪಟ್ಟಿ ಈಗಲೂ ಬಳಕೆಯಲ್ಲಿದೆ.

ಮರವಂತೆಯ ಬಂದರಿನ ತಡೆಗೋಡೆ, ಕೊಡೇರಿ, ಗಂಗೊಳ್ಳಿಯ ಅಳಿವೆ ಎಂಬ ಮೂರು ಜಾಗಗಳಲ್ಲಿ ಇಂಥದೇ ತಟ್ಟೆಯನ್ನು ವಾರಕ್ಕೊಮ್ಮೆ ಇಳಿಸುವುದಕ್ಕೆ ಪ್ರೌಢಶಾಲೆಯ ವಿಜ್ಞಾನದ ತರಗತಿಯಷ್ಟು ಸಾಮರ್ಥ್ಯ ಸಾಕು. ಬರೆದಿಡಬೇಕಾದುದು ದಿನ, ಹೊತ್ತು, ಮೋಡ, ಭರತವೋ ಇಳಿತವೋ ಎಂಬುದು, ತಟ್ಟೆ ಮರೆಯಾದ ಮತ್ತು ಮರಳಿ ಕಂಡ ಆಳ, ಬಣ್ಣದ ಸಂಖ್ಯೆ ಇಷ್ಟೇ. ಕಷ್ಟವಿರುವುದು ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ, ಏಕೆಂದರೆ ಆಗ ತೆರೆಗಳ ಅಬ್ಬರದಲ್ಲಿ ತಡೆಗೋಡೆಯ ತುದಿಗೆ ಹೋಗುವುದು ಅಪಾಯಕರ, ಉಪಗ್ರಹಕ್ಕೂ ಮೋಡ ಅಡ್ಡ. ಹೊಳೆಯ ಬದಿಯ ಅಳತೆಯನ್ನು ಸೇತುವೆಗಳ ಮೇಲಿನಿಂದ ಆಗಲೂ ತೆಗೆಯಬಹುದು. ಕಡಲ ಬದಿಯದನ್ನು ಮಳೆ ಹೊಳವಾದ ದಿನಗಳಲ್ಲಿ ಬಲೆ ಬಿಡಲು ಹೊರಡುವ ನಾಡದೋಣಿಗಳವರೇ ತರಬೇಕು, ಅವರ ಹಗ್ಗದ ಗುರುತು ಮೀಟರಿನಲ್ಲಿರದೆ ಮಾರಿನಲ್ಲಿದ್ದರೂ ಅದನ್ನು 1.83ರಿಂದ ಗುಣಿಸಿಕೊಂಡರಾಯಿತು.